ಎಣ್ಣೆಬಾಯಿಗೆ ಇಟ್ಟ ಬೊಟ್ಟು

ನನಗೊಂದು ಸಣ್ಣ ಚಿಂತೆ. ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಲ್ಲ, ನನ್ನೊಳಗೆ ನಾನೇ ಅಂದುಕೊಳ್ಳುತ್ತಿರುತ್ತೇನೆ. ನನ್ನ ಎಣ್ಣೆಬಾಯಿಗೆ ಮುಚ್ಚಳವಿಲ್ಲ. ಡೀಸೆಲ್ ಸುರಿಯುವ ಬಾಯಿ ಅದು, ಪಕ್ಕೆಯಲ್ಲಿ ತೆರೆದುಕೊಂಡೇ ಇದೆ. ನಿನ್ನೆ ಸೋನೆ ಹಿಡಿದಾಗ ನಾಲ್ಕು ಹನಿ ಒಳಗೂ ಬಿದ್ದವು. ಈ ಗುಜರಿ ಅಂಗಳದಲ್ಲಿ ಬಾಗಿಲಿಲ್ಲದವು, ಗಾಲಿಯಿಲ್ಲದವು, ಇಂಜಿನ್ನೇ ಇಲ್ಲದವು ಸಾಲಾಗಿ ಕೂತಿವೆ. ಅವುಗಳ ನಡುವೆ ಒಂದು ಮುಚ್ಚಳ ಹೋಯಿತೆಂದು ಕೊರಗುವುದು ನಗೆಪಾಟಲೇ ಸರಿ. ಇನ್ನು ನಾಲ್ಕು ದಿನಕ್ಕೆ ಕಬ್ಬಿಣ ಕತ್ತರಿಸುವ ಬೆಂಕಿ ನನ್ನ ಬಳಿಗೂ ಬರುತ್ತದೆ. ಆದರೂ ಬಾಯಿ ಬಿಟ್ಟುಕೊಂಡು ಕೂರುವುದೆಂದರೆ ನನಗೆ ನಾಚಿಕೆ.

ಆ ಮುಚ್ಚಳ ಕಳೆದುಹೋದದ್ದಲ್ಲ. ಯಾರ ಕೈಯಲ್ಲಿದೆ ಎಂದು ನನಗೆ ಗೊತ್ತು. ಅದನ್ನು ಹೇಳಬೇಕಾದರೆ ಮೊದಲಿನಿಂದಲೇ ಹೇಳಬೇಕು.

ನಾನು ಒಂದು ಡೀಸೆಲ್ ಜೀಪು. ದೂರದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ನಾಲ್ಕು ಗಾಲಿಗೂ ಬಲ ಕೊಡುವ ಗೇರು, ಕಲ್ಲಿಗೆ ತಾಗದಷ್ಟು ಎತ್ತರದ ಹೊಟ್ಟೆ, ಹಸಿರು ಬಣ್ಣ. ಬಣ್ಣ ಆರುವ ಮುನ್ನವೇ ಸರ್ಕಾರದ ಒಂದು ಇಲಾಖೆ ನನ್ನನ್ನು ಕೊಂಡಿತು. ಹನ್ನೆರಡು ವರ್ಷ ಅಧಿಕಾರಿಗಳನ್ನೂ ನಕ್ಷೆಗಳನ್ನೂ ಹೊತ್ತು ತಿರುಗಿದೆ. ಅಲ್ಲಿ ನನ್ನನ್ನು ಮಾತನಾಡಿಸುವವರು ಯಾರೂ ಇರಲಿಲ್ಲ. ನಂಬರಿತ್ತು, ಪುಸ್ತಕವಿತ್ತು, ಸಹಿ ಇತ್ತು. ಆಮೇಲೆ ಹರಾಜಾಗಿ ಕೊಳ್ಳೇಗಾಲದ ಕಡೆಯ ಕರಿಕಲ್ಲಿನ ಕ್ವಾರಿಯೊಂದನ್ನು ಸೇರಿದೆ. ಅಲ್ಲಿ ನನ್ನ ಹಸಿರು ಬಿಳಿಯಾಯಿತು, ಕಲ್ಲಿನ ಪುಡಿಯಿಂದ.

ಕ್ವಾರಿಯಲ್ಲೇ ನನ್ನ ಹುಟ್ಟು ಮುಚ್ಚಳ ಕಳವಾಯಿತು. ಸ್ವಲ್ಪ ದಿನ ಬಾಯಿಗೆ ಬಟ್ಟೆ ತುರುಕಿದರು. ಕೊನೆಗೆ ಒಬ್ಬ ಲೇತ್ ಕೆಲಸದವ ದಪ್ಪ ಕಬ್ಬಿಣದ ಬಿಲ್ಲೆ ಕಡೆದು, ತಿರುಪಿನ ಗೆರೆ ಕೊಯ್ದು, ಹೊಸ ಮುಚ್ಚಳ ಮಾಡಿಕೊಟ್ಟ. ಎಲ್ಲಾ ಮುಗಿದ ಮೇಲೆ ನಟ್ಟನಡುವೆ ಸೂಜಿ ಹೋಗುವಷ್ಟು ಒಂದು ತೂತು ಕೊರೆದ.

"ಇದ್ಯಾಕಪ್ಪ, ಎಣ್ಣೆ ಚೆಲ್ಲೋಕಾ?" ಎಂದು ಕ್ವಾರಿಯ ಆಳುಗಳ ಮೇಟಿ ನಕ್ಕ.

"ಎಣ್ಣೆ ಇಳಿದಂಗೆಲ್ಲ ಆ ಜಾಗಕ್ಕೆ ಗಾಳಿ ಬರಬೇಕಲ್ಲ ಸ್ವಾಮಿ. ಮಗು ಬಾಟಲಿಲಿ ಹಾಲು ಕುಡಿಯೋದ ನೋಡಿಲ್ವಾ? ಗಾಳಿ ಹೋಗದಿದ್ರೆ ಎಷ್ಟು ಚೀಪಿದ್ರೂ ಹಾಲು ಬರಾಕಿಲ್ಲ. ಇದು ಗಾಡಿ ಉಸಿರಾಡೋ ತೂತು," ಎಂದ ಅವನು.

ಹಳೆಯ ಗಾಡಿ ಕೈ ಬದಲಾಯಿಸುವಾಗ ಕಾಗದ ಜೊತೆಗೆ ಹೋಗುತ್ತದೆ, ಜಾಕು ಹೋಗುತ್ತದೆ, ಒಂದು ಸವೆದ ಸ್ಟೆಪ್ನಿಯೂ ಹೋಗುತ್ತದೆ. ಇಂಥ ಮಾತು ಮಾತ್ರ ಹಿಂದೆಯೇ ಉಳಿಯುತ್ತದೆ. ಕ್ವಾರಿ ಮುಚ್ಚಿ, ಬಿಲ್ಲಯ್ಯ ಎಂಬವರು ನನ್ನನ್ನು ಕೊಂಡು ಬೆಟ್ಟಕ್ಕೆ ಹತ್ತಿಸಿದಾಗ ಆ ತೂತಿನ ವಿಷಯ ಯಾರೂ ಅವರಿಗೆ ಹೇಳಲಿಲ್ಲ.

ಬಿಲ್ಲಯ್ಯನವರ ಊರು ಎತ್ತುಕಲ್ಲುದೊಡ್ಡಿ. ಹನೂರಿನಾಚೆಯ ಕಾಡುಬೆಟ್ಟದ ಮೇಲೆ ಅರವತ್ತು ಮನೆ. ಕೆಳಗಿನ ಪೇಟೆಗೆ ಹದಿನಾಲ್ಕು ಕಿಲೋಮೀಟರು ಕಲ್ಲುದಾರಿ; ಬಸ್ಸೆಂಬುದಿಲ್ಲ. ರೇಷನ್ ಅಕ್ಕಿ, ಗ್ಯಾಸಿನ ಸಿಲಿಂಡರು, ಜ್ವರದ ಮಕ್ಕಳು, ಮದುವೆಯ ಹೆಣ್ಣು, ಎಲ್ಲಾ ನನ್ನ ಮೇಲೆಯೇ. ಬಿಲ್ಲಯ್ಯನವರಿಗೆ ಗಾಡಿ ಬಿಡಲು ಬರುತ್ತಿರಲಿಲ್ಲ. ಕೆಳಗಿನ ಕೇರಿಯ ಪಳನಿಯನ್ನು ಡ್ರೈವರಾಗಿ ಇಟ್ಟುಕೊಂಡರು.

ಪಳನಿಯ ಕೈ ಎಂಥದೆಂದರೆ, ಗೇರು ಹಾಕುವಾಗ ನನಗೆ ನೋವಾಗುತ್ತಿರಲಿಲ್ಲ. ಏರಿನ ಬುಡದಲ್ಲಿ "ಹೂಂ, ಏಳು ತಾಯಿ" ಎನ್ನುತ್ತಿದ್ದ. ಇಳಿಜಾರಿನಲ್ಲಿ "ನಿಧಾನ, ನಿಧಾನ, ಯಾರ್ ಅಟ್ಟಿಸ್ಕೊಂಡು ಬತ್ತಾವ್ರೆ?" ಎಂದು ಗದರುತ್ತಿದ್ದ. ಹುಟ್ಟಿ ಹದಿನೆಂಟು ವರ್ಷದ ಮೇಲೆ ನನ್ನನ್ನು ಮಾತನಾಡಿಸಿದ ಮೊದಲ ಮನುಷ್ಯ ಅವನು.

ಬಿಲ್ಲಯ್ಯನವರ ಮಗಳು ಸುಗುಣ. ಹಿಂದಿನ ಸೀಟಿನ ಮೂಲೆ ಅವಳದು. ಶಾಲೆಗೆ ಹೋಗುವಾಗಲೂ ಅಲ್ಲೇ, ಹನೂರಿನ ಕಾಲೇಜಿಗೆ ಹೋಗುವಾಗಲೂ ಅಲ್ಲೇ, ಓದು ಮುಗಿದ ಮೇಲೆ ಪೇಟೆಯ ಸಾಮಾನಿಗೆ ಹೋಗುವಾಗಲೂ ಅಲ್ಲೇ. ದೊಡ್ಡಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣು. ಆದರೆ ಮಾತು ಅವಳ ಗಂಟಲಲ್ಲೇ ಅರ್ಧ ಇಂಗಿಹೋಗುತ್ತಿತ್ತು. ಮಡಿಲಲ್ಲಿ ಯಾವಾಗಲೂ ಒಂದು ಡೈರಿ. ನಾನು ಕುಲುಕಿದರೆ ಅಕ್ಷರ ಸೊಟ್ಟಗಾಗುತ್ತದೆಂದು ನಿಂತಾಗ ಮಾತ್ರ ಬರೆಯುತ್ತಿದ್ದಳು. "ಏನವ್ವ, ನಮ್ ಮೇಲೆ ಕಂಪ್ಲೇಂಟಾ?" ಎಂದು ಪಳನಿ ಕನ್ನಡಿಯಲ್ಲಿ ನೋಡಿ ಕೇಳಿದರೆ ನಕ್ಕು ತಲೆ ತಗ್ಗಿಸುತ್ತಿದ್ದಳು. ಅವನನ್ನು "ಪಳನಿ ಮಾವ" ಎನ್ನುತ್ತಿದ್ದಳು, ಅದೂ ಮೆಲ್ಲಗೆ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಆಯುಧಪೂಜೆಯ ದಿನ ಬಾನೆಟ್ಟಿಗೆ, ಸ್ಟೇರಿಂಗಿಗೆ, ಗಾಲಿಗೆ ಎಲ್ಲರೂ ಬೊಟ್ಟಿಡುತ್ತಾರಲ್ಲ, ಅವರು ಎಣ್ಣೆಬಾಯಿಗೂ ಇಡುತ್ತಿದ್ದರು. ಉಣ್ಣುವ ಬಾಯಿಗೆ ಬೊಟ್ಟಿಟ್ಟರೆ ಗಾಡಿ ಹಸಿಯುವುದಿಲ್ಲವಂತೆ. ಸುಗುಣಳ ತಾಯಿ ಇದ್ದಾಗ ನೀರಿನಲ್ಲಿ ಕಲಸಿದ ಕುಂಕುಮ ಇಡುತ್ತಿದ್ದಳು. ಸಂಜೆಯ ಹೊತ್ತಿಗೆ ಉದುರಿ ಹೋಗುತ್ತಿತ್ತು. ತಾಯಿ ತೀರಿಕೊಂಡ ವರ್ಷ ಸುಗುಣ ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ಅವ್ವ ಮಾಡುತ್ತಿದ್ದುದು ಅಳಿಯಬಾರದು ಎಂದು ಅವಳಿಗೆ. ವಿಭೂತಿಗೆ ಅರಿಶಿನ ಸೇರಿಸಿ, ಹರಳೆಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ, ಮುಚ್ಚಳದ ನಟ್ಟನಡುವೆ ಹೆಬ್ಬೆರಳಿನಿಂದ ಒತ್ತಿದಳು. ತೂತಿದ್ದ ಆ ಸಣ್ಣ ಗುಳಿ ಬೊಟ್ಟಿಗೆಂದೇ ಮಾಡಿದ ಹಾಗಿತ್ತು. ಅದರ ಮೇಲೆ ಕುಂಕುಮ. ಆ ಬೊಟ್ಟು ಗಾರೆಯಂತೆ ಕಚ್ಚಿ ಕೂತಿತು. ಸಾಲದೆಂದು ಪ್ರತಿ ಅಮಾವಾಸ್ಯೆಗೂ ಮತ್ತೊಂದು ಪದರ.

"ನೋಡು, ನನ್ನ ಮಗಳಿಟ್ಟ ಬೊಟ್ಟು ಮಳೆಗೂ ಜಗ್ಗಾಕಿಲ್ಲ," ಎಂದು ಬಿಲ್ಲಯ್ಯನವರು ಬಂದವರಿಗೆಲ್ಲ ತೋರಿಸುತ್ತಿದ್ದರು. ಮಾತು ಕಡಿಮೆಯ ಆ ಹುಡುಗಿಗೆ ಊರಲ್ಲಿ ಸಿಕ್ಕ ಹೊಗಳಿಕೆ ಅದೊಂದೇ.

ನನಗೆ ಉಸಿರು ಕಟ್ಟತೊಡಗಿದ್ದು ಅಲ್ಲಿಂದ.

ಮೊದಮೊದಲು ಏರಿನಲ್ಲಿ ಬಿಕ್ಕಳಿಕೆ. ನಾಲ್ಕು ಸಿಲಿಂಡರಿನಲ್ಲಿ ಒಂದು ಉರಿಯುವುದು ಬಿಡುತ್ತಿತ್ತು, ಆಮೇಲೆ ಇನ್ನೊಂದು. ಮೈಯೆಲ್ಲಾ ನಡುಗಿ, ಬಿಳಿ ಹೊಗೆ ಕಾರಿ, ಆನೆದಿಂಬದ ಏರಿನಲ್ಲಿ, ಎಂಟನೇ ಕಿಲೋಮೀಟರಿನ ಹತ್ತಿರ ನಿಂತುಬಿಡುತ್ತಿದ್ದೆ. ಪಳನಿ ಇಳಿಯುತ್ತಿದ್ದ. ಎಣ್ಣೆ ಇದೆಯೋ ಇಲ್ಲವೋ ಎಂದು ಮುಚ್ಚಳ ತಿರುಗಿಸಿ ತೆಗೆದು, ಹೊಂಗೆಕಡ್ಡಿ ಅದ್ದಿ ನೋಡುತ್ತಿದ್ದ. ಮುಚ್ಚಳ ತೆಗೆದೊಡನೆ "ಉಸ್ಸ್" ಎಂದು ಗಾಳಿ ಒಳಗೆ ನುಗ್ಗುತ್ತಿತ್ತು. ಅಬ್ಬಾ, ಆ ಉಸಿರು! ಇಂಜಿನ್ನಿನ ಪಕ್ಕದ ಕೈಪಂಪು ನಾಲ್ಕು ಸಲ ಒತ್ತಿ ಕೀ ತಿರುಗಿಸಿದರೆ ಏನೂ ಆಗದವಳಂತೆ ಎದ್ದು ನಡೆಯುತ್ತಿದ್ದೆ. ಅವನು ಮುಚ್ಚಳವನ್ನು ಬಿಗಿಯಾಗಿ ಹಾಕುತ್ತಿದ್ದ. ಮತ್ತೆ ಎಂಟು ಕಿಲೋಮೀಟರಿಗೆ ಅದೇ ಕತೆ.

"ಎಣ್ಣೆ ಅದ, ತುಂಬಾ ಅದ. ಆದ್ರೂ ಯಾಕವ್ವ ನಿಂತ್ಕತೀಯೆ? ಹೇಳಬಾರ್ದಾ?" ಎಂದು ನನ್ನನ್ನೇ ಕೇಳುತ್ತಿದ್ದ. ಹೇಳಲು ಬಂದಿದ್ದರೆ!

ಪೇಟೆಯ ಇಸ್ಮಾಯಿಲ್ ಮೇಸ್ತ್ರಿಯ ಗ್ಯಾರೇಜಿಗೆ ಕರೆದೊಯ್ದರು. ಮೇಸ್ತ್ರಿ ವಯಸ್ಸಾದವರು, ಇಂಜಿನ್ನಿಗೆ ಕಿವಿಯಿಟ್ಟು ಕೇಳುವವರು. ಡೀಸೆಲ್ ಫಿಲ್ಟರು ಬದಲಿಸಿದರು. ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯೇನೋ ಎಂದು ಸಂದುಸಂದಿಗೂ ಸೋಪಿನ ನೊರೆ ಹಚ್ಚಿ ನೋಡಿದರು. ನಾಝಲ್ ಬಿಚ್ಚಿ ತೊಳೆದರು. ಕೊನೆಗೆ ಟ್ಯಾಂಕನ್ನು ಬಿಟ್ಟು, ಒಂದು ಬಾಟಲಿಯಲ್ಲಿ ಡೀಸೆಲ್ ತುಂಬಿ ಬಾನೆಟ್ಟಿಗೆ ಕಟ್ಟಿ, ಅದರಿಂದ ಪಂಪಿಗೆ ಪೈಪು ಕೊಟ್ಟು ಓಡಿಸಿದರು. ಕುದುರೆಯಂತೆ ಓಡಿದೆ.

"ಇಂಜಿನ್ ಬೆಣ್ಣೆ. ಪಂಪ್ ಬೆಣ್ಣೆ. ಕಾಯಿಲೆ ಟ್ಯಾಂಕಿನಲ್ಲಿ," ಎಂದರು ಮೇಸ್ತ್ರಿ.

ಎಷ್ಟು ಹತ್ತಿರ ಬಂದಿದ್ದರು! ಟ್ಯಾಂಕು ಇಳಿಸಿ ಮೂರು ಸಲ ತೊಳೆದರು. ಮುಚ್ಚಳ ಕೈಗೆ ಬಂದಾಗ ಅವರ ಬೆರಳು ಬೊಟ್ಟಿನ ಹತ್ತಿರ ಹೋಯಿತು, ನಿಂತಿತು. ದೇವರ ಗುರುತು, ತಮ್ಮ ಕೈಯಿಂದ ಅಳಿಸುವುದು ಬೇಡವೆಂದು ಅಂದುಕೊಂಡರೋ ಏನೋ. ಎಣ್ಣೆಯ ಕೈಯನ್ನು ಲುಂಗಿಗೆ ಒರೆಸಿಕೊಂಡು, ಮುಚ್ಚಳವನ್ನು ಒಂದು ಶುಭ್ರ ಬಟ್ಟೆಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟರು. ಕೆಲಸ ಮುಗಿದ ಮೇಲೆ ಬೊಟ್ಟು ಕೆಡದಂತೆ ಅಂಚು ಹಿಡಿದು ತಿರುಗಿಸಿ ಹಾಕಿದರು. ಪೇಟೆಯೊಳಗೆ ಮೂರು ಸುತ್ತು ಹೊಡೆಸಿದರು, ನಾನು ನಿಲ್ಲಲಿಲ್ಲ. ಆನೆದಿಂಬದಲ್ಲಿ ನಿಂತೆ.

ಆ ಕಾರ್ತೀಕದ ಅಮಾವಾಸ್ಯೆಗೆ ಬೆಟ್ಟದ ದೇವರು ಮಾದಪ್ಪನಿಗೆ ಎಣ್ಣೆಮಜ್ಜನ, ಎಣ್ಣೆಯ ಅಭಿಷೇಕ. ಹರಕೆಯ ಎಣ್ಣೆ, ಹೂವು ಎಲ್ಲಾ ನನ್ನ ಮೇಲೆ ಬರುತ್ತಿತ್ತು. ಟ್ಯಾಂಕು ತುಂಬಿಸಿದ ದಿನ ಒಳಗೆ ಉಳಿದ ಗಾಳಿಯೂ ಕಡಿಮೆ, ನಾನು ಇನ್ನೂ ಬೇಗ ನಿಲ್ಲುತ್ತಿದ್ದೆ. ಅವತ್ತು ಐದನೇ ಕಿಲೋಮೀಟರಿಗೇ ನಿಂತೆ. ಎಣ್ಣೆ ತಡವಾಯಿತು, ಪೂಜೆಯ ಹೊತ್ತು ಮೀರಿತು. ಕಾದು ಕಾದು ಕಾಲ್ನಡಿಗೆಯಲ್ಲಿ ಇಳಿದು ಬಂದ ಗುರುಮಲ್ಲನಿಗೆ ಕಂಡದ್ದು ಇಷ್ಟು: ಕಾಡಿನ ನಡುವೆ ನಿಂತ ಜೀಪು, ತೆರೆದ ಎಣ್ಣೆಬಾಯಿ, ಕೈಯಲ್ಲಿ ಕಡ್ಡಿ ಹಿಡಿದ ಪಳನಿ.

ಗುರುಮಲ್ಲ ಸುಗುಣಳ ಸೋದರಮಾವ. ನಾಲಗೆ ಹರಿತ.

"ತುಂಬಿದ ಟ್ಯಾಂಕ ಯಾಕ್ಲಾ ತಗ್ದು ನೋಡ್ತೀಯೆ? ಮೊಸರೇನ್ ಹೆಪ್ಪಾಕಿದ್ಯಾ?"

"ಅಳತೆ ನೋಡ್ತಿದ್ದೆ ಕನಣ್ಣ. ಹಿಂಗೆ ತಗ್ದು ಹಾಕುದ್ರೆ ಹೊಂಡ್ತದ."

"ತಗ್ದು ಹಾಕುದ್ರೆ ಹೊಂಡ್ತದಾ! ಏನ್ ತಗೀತೀಯ, ಏನ್ ಹಾಕ್ತೀಯ, ಅದ ಹೇಳು ಮೊದ್ಲು."

ಮಾತು ಬೆಂಕಿಯಂತೆ ಹಬ್ಬಿತು. ಪಳನಿ ಡೀಸೆಲ್ ತೆಗೆದು ಮಾರುತ್ತಾನೆ, ಅಳತೆ ಸರಿಹೋಗಲೆಂದು ಸೀಮೆಎಣ್ಣೆ ಬೆರೆಸುತ್ತಾನೆ, ಅದಕ್ಕೇ ಇಂಜಿನ್ನು ಕೆಮ್ಮುತ್ತದೆ. ಎಷ್ಟು ಚೆನ್ನಾಗಿ ಹೊಂದಿಕೊಂಡ ಸುಳ್ಳು! ಅವನು ಒಂಟಿ ತಿರುವುಗಳಲ್ಲಿ ಮುಚ್ಚಳ ತೆಗೆದದ್ದನ್ನು ನೋಡದವರೇ ಇರಲಿಲ್ಲ.

ಚಾವಡಿಯಲ್ಲಿ ನ್ಯಾಯ ಸೇರಿತು. ನನ್ನನ್ನೂ ತಂದು ನಿಲ್ಲಿಸಿದ್ದರು. "ಆಣೆ ಮಾಡು," ಎಂದರು. ನನ್ನ ಬಾನೆಟ್ಟಿನ ಮೇಲೆ ಕರ್ಪೂರ ಹಚ್ಚಿದರು. ಪಳನಿ ಬಿಲ್ಲಯ್ಯನವರ ಮುಖವನ್ನೊಮ್ಮೆ ನೋಡಿದ. ಅವರು ಬೇರೆ ಕಡೆ ನೋಡುತ್ತಿದ್ದರು. ಅಂಗೈಯಿಂದ ಉರಿಯುವ ಕರ್ಪೂರವನ್ನು ಒತ್ತಿ ಆರಿಸಿ, "ನಾನು ಕದ್ದಿದ್ರೆ ಮಾದಪ್ಪ ನನ್ ಕಣ್ಣ ಕಿತ್ಕಳ್ಳಿ," ಎಂದ. ಅವನ ಅಂಗೈಯ ಬಿಸಿ ನನ್ನ ತಗಡಿಗೆ ತಾಗಿತು.

"ಆಣೆ ಆಯ್ತು. ಆದ್ರೂ ನಾಕು ದಿನ ಗುರುಮಲ್ಲ ಬುಟ್ಟು ನೋಡ್ಲಿ. ಗಾಡಿ ಆಗ್ಲೂ ನಿಂತ್ರೆ ನೀನು ಶುದ್ಧ," ಎಂದರು ಬಿಲ್ಲಯ್ಯನವರು. ಪಳನಿ ಕೀ ಕೊಟ್ಟ. ಅವನ ಮುಖದಲ್ಲಿ ಒಂದು ಗೆಲುವೂ ಕಂಡಿತು. ನಾನು ನಿಂತೇ ನಿಲ್ಲುತ್ತೇನೆಂದು ಅವನಿಗೆ ಖಾತ್ರಿಯಿತ್ತು.

ಕಂಬದ ಮರೆಯಲ್ಲಿದ್ದ ಸುಗುಣಳಿಗೆ ಬಿಲ್ಲಯ್ಯನವರ ಆ ಕೊನೆಯ ಮಾತು ಕೇಳಿಸಲಿಲ್ಲ. ಕರ್ಪೂರ ಆರಿದಾಗಲೇ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮನೆಗೆ ಓಡಿದ್ದಳು.

ಮಾರನೆಯ ಬೆಳಿಗ್ಗೆ ಡೈರಿ ಹಿಡಿದು ನನ್ನ ಹತ್ತಿರ ಬಂದಳು. ಹಿಂದಿನ ಸೀಟಿನಲ್ಲಿ ಕೂತು ಒಂದೊಂದೇ ಹಾಳೆ ತಿರುಗಿಸಿದಳು. ನಾನು ನಿಂತ ದಿನವೆಲ್ಲಾ ಅದರಲ್ಲಿತ್ತು, ಏಕೆಂದರೆ ಅವಳು ಬರೆಯುತ್ತಿದ್ದುದೇ ನಾನು ನಿಂತಾಗ. ಮೊದಲ ಸಲ ನಿಂತದ್ದು ಆಯುಧಪೂಜೆಯ ಮಾರನೆಯ ದಿನ. ತುಂಬಿದ ಟ್ಯಾಂಕಿಗೆ ಬೇಗ. ಪ್ರತಿ ಸಲವೂ ಒಂದು ಸಾಲು: 'ಮಾವ ಮುಚ್ಚಳ ತೆಗೆದರು. ಉಸ್ ಅಂತು. ಹೊರಟೆವು.' ಆ ಸಾಲಿನ ಮೇಲೆ ಅವಳ ಬೆರಳು ನಿಂತಿತು. ಇಳಿದು ಬಂದು ಮುಚ್ಚಳವನ್ನು ತಿರುಗಿಸಿ ತೆಗೆದು ತುಂಬಾ ಹೊತ್ತು ನೋಡಿದಳು. ಬೊಟ್ಟಿಗೆ ಕೈಮುಗಿದಳು. ಸೆರಗಿನ ಪಿನ್ನು ತೆಗೆದು ಕೆರೆದಳು. ವಿಭೂತಿಯ ಬಿರಡೆಯೊಂದು ಉದುರಿ, ಅದರ ಹಿಂದೆ ಸೂಜಿಮೊನೆಯಷ್ಟು ಬೆಳಕು ಕಂಡಿತು. ಮುಚ್ಚಳವನ್ನು ಮೊದಲಿನಂತೆ ತಿರುಗಿಸಿ ಹಾಕಿದಳು.

ಅವಳಿಗೆ ಎದ್ದು ಚಾವಡಿಗೆ ಹೋಗಿ ಹೇಳುವ ಧೈರ್ಯವಿರಲಿಲ್ಲ. ಜೀಪು ಸರಿಹೋಯಿತೆಂದರೆ ಜಗಳವೂ ಮುಗಿಯಿತು, ಪಳನಿ ಮಾವ ಮತ್ತೆ ಸ್ಟೇರಿಂಗಿಗೆ ಬರುತ್ತಾರೆ ಎಂದು ಲೆಕ್ಕ ಹಾಕಿದಳು. ಡೈರಿಯಲ್ಲಿ ಹಾಗೆಯೇ ಬರೆದಳು: 'ಯಾರಿಗೂ ಗೊತ್ತಾಗದ ಹಾಗೆ ಸರಿಮಾಡಿದೆ.'

ಗುರುಮಲ್ಲ ಕೀ ತಿರುಗಿಸಿದ. ಗೇರಿಗೆ ಗೇರು ಉಜ್ಜಿ ನನಗೆ ಪ್ರಾಣಸಂಕಟ. ಆದರೆ ಉಸಿರು ಸಲೀಸಾಗಿತ್ತು. ಆನೆದಿಂಬ ಬಂತು. ನಿಲ್ಲಬೇಕೆಂದು ನಾನು ಎಷ್ಟು ಬಯಸಿದೆನೆಂದು ಯಾರಿಗೆ ಗೊತ್ತು? ಒಂದೇ ಒಂದು ಸಲ ಬಿಕ್ಕಳಿಸಿದ್ದರೂ ಸಾಕಿತ್ತು. ಎಣ್ಣೆ ಬಂದರೆ ಉರಿಯುವುದು ನನ್ನ ಹುಟ್ಟುಗುಣ. ಒಂದು ದಿನವಲ್ಲ, ನಾಲ್ಕು ದಿನವೂ ಹೂವಿನಂತೆ ಏರು ಹತ್ತಿದೆ. ನಾನು ಚೆನ್ನಾಗಿ ಓಡಿದ್ದೇ ಆ ಮನುಷ್ಯನಿಗೆ ಮುಳುವಾಯಿತು.

"ನೋಡುದ್ರಾ? ಕಳ್ಳ ಇಳಿದ, ಗಾಡಿ ಏರ್ತು!" ಗುರುಮಲ್ಲ ಚಾವಡಿಯಲ್ಲಿ ತೊಡೆ ತಟ್ಟಿದ.

ಕಳ್ಳತನಕ್ಕಿಂತ ದೊಡ್ಡದಾಗಿ ಈಗ ಸುಳ್ಳು ಆಣೆಯ ಮಾತು ಬಂತು. ಪಳನಿಗೆ ಯಾರೂ ಗಾಡಿ ಕೊಡಲಿಲ್ಲ. ಪೇಟೆಯಲ್ಲೂ ಕೊಡಲಿಲ್ಲ. ಕೆಲವು ಕಾಲ ಕಲ್ಲು ಒಡೆದ. ಎರಡು ವರ್ಷಕ್ಕೆ ಅವನ ಕಣ್ಣಿಗೆ ಮಬ್ಬು ಕವಿಯಿತು. ಸಕ್ಕರೆ ಕಾಯಿಲೆ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಊರು ಬೇರೆಯದೇ ಹೇಳಿತು: ಕೇಳಿದ್ದನ್ನೇ ಮಾದಪ್ಪ ತಗೊಂಡ.

ಸುಗುಣ ಆಮೇಲೆ ಎಣ್ಣೆಬಾಯಿಗೆ ಬೊಟ್ಟಿಡಲಿಲ್ಲ. ಅದನ್ನು ಗಮನಿಸಿದವರು ಒಬ್ಬರೇ, ಇಸ್ಮಾಯಿಲ್ ಮೇಸ್ತ್ರಿ. ಬ್ರೇಕು ನೋಡಲು ನನ್ನನ್ನು ಬಿಟ್ಟಿದ್ದಾಗ ಮುಚ್ಚಳ ಕಂಡು, ಕೈಗೆತ್ತಿಕೊಂಡು, ತೂತಿನಿಂದ ಆಕಾಶ ನೋಡಿದರು. ಆಮೇಲೆ ಬೆಂಚಿನ ಮೇಲಿದ್ದ ಅವಳನ್ನು ನೋಡಿದರು.

"ನನ್ನ ಬೆರಳು ಇಲ್ಲಿಗೇ ಬಂದಿತ್ತು ಮಗಳೇ. ಹಿಂದಕ್ಕೆ ತಗೊಂಡೆ," ಎಂದರು. ಮುಚ್ಚಳವನ್ನು ತಿರುಗಿಸಿ ಹಾಕುತ್ತಾ, "ನಿಮ್ಮ ದೇವರ ಬೊಟ್ಟಿಂದ ಹಿಂಗಾಯ್ತು ಅಂತ ನಾನು ಹೇಳಿದ್ರೆ ಅದು ಬೇರೆ ಜಗಳ ಆಗುತ್ತೆ. ನೀನು ಹೇಳಿದ್ರೆ ಅದು ಬರೀ ನಿಜ," ಎಂದರು. ಮುಂದಿನ ವರ್ಷ ಮೇಸ್ತ್ರಿ ತೀರಿಕೊಂಡರು.

ಅವಳು ಹೇಳಲು ಹೊರಟ ದಿನಗಳನ್ನು ನಾನು ಬಲ್ಲೆ. ಪಳನಿಯ ಮನೆಯ ತಿರುವಿನಲ್ಲಿ "ನಿಲ್ಸಿ" ಎನ್ನಲು ಬಾಯಿ ತೆರೆಯುತ್ತಿದ್ದಳು, ತಿರುವು ದಾಟಿಹೋಗುತ್ತಿತ್ತು. ಮೊದಲ ದಿನ ಹೇಳದ ಮಾತು ಎರಡನೇ ದಿನಕ್ಕೆ ದುಪ್ಪಟ್ಟು ಭಾರ. ಈಗ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಲ್ಲ. ಡೈರಿ ಮಾತ್ರ ತುಂಬುತ್ತಾ ಹೋಯಿತು. ಒಂದೊಂದು ಪದರವಾಗಿ ಅವಳ ಬಾಯಿಗೂ ಅದೇ ಗಾರೆ ಕಚ್ಚಿಕೊಂಡಿತ್ತು.

ನಾಲ್ಕು ವರ್ಷ ಹೀಗೇ ಕಳೆಯಿತು. ದೊಡ್ಡಿಗೆ ಡಾಂಬರು ಬಂತು, ದಿನಕ್ಕೆರಡು ಸಲ ಬಸ್ಸೂ ಬಂತು. ನನ್ನ ಚಾಸಿಗೆ ತುಕ್ಕು ಹಿಡಿದಿತ್ತು, ಕಾಗದದ ಅವಧಿಯೂ ಮುಗಿದಿತ್ತು. ಬಿಲ್ಲಯ್ಯನವರು ಗುಜರಿಗೆ ಮಾತಾಡಿದರು. ಕಳೆದ ಸೋಮವಾರ ನನ್ನನ್ನು ಎಳೆದೊಯ್ಯಲು ಟ್ರ್ಯಾಕ್ಟರು ಬಂತು, ಹಗ್ಗ ಕಟ್ಟಿದರು. ಊರವರು ಹತ್ತಾರು ಜನ ಸೇರಿದರು.

ಆಗ ಪಳನಿ ಬಂದ. ಕೋಲು ಊರಿಕೊಂಡು, ಒಬ್ಬನೇ, ದಾರಿ ತಡಕುತ್ತಾ. ಯಾರು ಹೇಳಿದರೋ. ಬಾನೆಟ್ಟಿನ ಮೇಲೆ ಅಂಗೈಯಿಟ್ಟ. ಕರ್ಪೂರದ ಸುಟ್ಟ ಗುರುತು ಅವನ ಅಂಗೈಯಲ್ಲಿ ಇನ್ನೂ ಇತ್ತು. "ಹೊಂಟ್ಯಾ ತಾಯಿ," ಎಂದ.

"ಏನ್ ಪಳನಿಯಪ್ಪಾ," ಗುರುಮಲ್ಲ ಟ್ರ್ಯಾಕ್ಟರಿನ ಹತ್ತಿರದಿಂದ ಕೂಗಿದ, "ಕಡೇ ಸಲ ಮುಚ್ಚಳ ತಗ್ದು ನೋಡ್ತೀಯಾ? ತಳದಲ್ಲಿ ಏನಾರ ಉಳ್ದಿದ್ದಾತು!"

ಎಲ್ಲರೂ ನಕ್ಕರು. ಪಳನಿಯೂ ನಕ್ಕ. ಅವನೂ ನಕ್ಕದ್ದು ನನಗೆ ತಡೆಯಲಾಗಲಿಲ್ಲ.

"ಬುಡಿ ಗುರುಮಲ್ಲಣ್ಣ," ಎಂದ ಅವನು, ಯಾವ ಕೋಪವೂ ಇಲ್ಲದೆ. "ಇಷ್ಟ್ ಜನ ಹೇಳೋದು ಸುಳ್ಳಾದ್ದಾ? ಏನಾರ ಮಾಡಿರ್ತೀನಿ. ನಂಗೇ ಮರ್ತೋಗಿರ್ಬೇಕು."

ಜಗುಲಿಯ ಕಂಬದ ಮರೆಯಲ್ಲಿದ್ದ ಸುಗುಣ ಮೆಟ್ಟಿಲಿಳಿದು ಬಂದಳು. ಜನ ದಾರಿ ಬಿಟ್ಟರು. ಪೂಜೆಗೆ ಬಂದಳೆಂದು ಅಂದುಕೊಂಡಿರಬೇಕು. ಅವಳ ಕೈಯಲ್ಲಿ ಕುಂಕುಮದ ಬಟ್ಟಲಿರಲಿಲ್ಲ. ನನ್ನ ಪಕ್ಕೆಗೆ ಬಂದು, ಎರಡೂ ಕೈಯಿಂದ ಮುಚ್ಚಳ ತಿರುಗಿಸಿ ತೆಗೆದಳು. ಟ್ರ್ಯಾಕ್ಟರಿನ ಸದ್ದು ಜೋರಿತ್ತು. ಅವಳ ತುಟಿ ಒಮ್ಮೆ ಅಲುಗಿ ನಿಂತಿತು. ಎಂದಿನಂತೆ ನುಂಗಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಟ್ರ್ಯಾಕ್ಟರಿನವನ ಕಡೆ ಕೈಯೆತ್ತಿದಳು. ಅವನು ಇಂಜಿನ್ ಆರಿಸಿದ. ಆ ನಿಶ್ಶಬ್ದದಲ್ಲಿ, ಮುಚ್ಚಳವನ್ನು ಪಳನಿಯ ಅಂಗೈಯ ಮೇಲಿಟ್ಟು, ಅವನ ಬೆರಳನ್ನು ಹಿಡಿದು ಆ ತೂತಿನ ಮೇಲೆ ತಂದು, ಅಪ್ಪನಿಗೂ ಗುರುಮಲ್ಲನಿಗೂ ಅಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಮಾವ, ನೀವೇನೂ ಮಾಡಿಲ್ಲ. ಗಾಡಿ ನಿಲ್ತಿದ್ದದ್ದು ಇದು ಕಟ್ಟಿದ್ದಕ್ಕೆ. ಕಟ್ಟಿದ್ದು ನಾನು."